ಕಡೀದೆ ಬುಡು

ಆ ಅರ್ಜಿ ಬರೆದವಳು ನಾನೇ. ಈಗ ನಮ್ಮ ರಸ್ತೆಯಲ್ಲಿ ಯಾರನ್ನು ಕೇಳಿದರೂ ಮರ ತೆಗೆಸಿದ್ದು ಚರಂಡಿಯವರು, ಇಲ್ಲ ಕರೆಂಟ್ ಲೈನಿನವರು ಎಂದು ಬೇರೆಯವರ ಕಡೆ ಕೈ ತೋರಿಸುತ್ತಾರೆ. ಯಾರೂ ನನ್ನ ಹೆಸರು ಎತ್ತುವುದಿಲ್ಲ, ಅದು ಅವರ ದೊಡ್ಡತನ. ಆದರೆ ಬಿಳಿ ಹಾಳೆಯಲ್ಲಿ ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು, ಒಂದು ಒತ್ತಕ್ಷರವೂ ತಪ್ಪದಂತೆ, ಹೊಂಗೆ ಮರಗಳನ್ನು ತೆಗೆದು ಬೇರೆ ಜಾತಿಯ ಗಿಡ ನೆಡಿ ಎಂದು ಬರೆದುಕೊಟ್ಟವಳು ನಾನು. ಬರೆದು ಮುಗಿಸಿ, ಕನ್ನಡಕ ತೆಗೆದಿಟ್ಟು, ಚೆನ್ನಾಗಿ ಬಂದಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡವಳೂ ನಾನೇ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ಮೊದಲು ಪಾವಗಡದ ಕಡೆ, ಆಮೇಲೆ ಪೂರ್ತಿ ಮಧುಗಿರಿಯಲ್ಲೇ. ಪಾವಗಡದ ಮಕ್ಕಳು ಕನ್ನಡದೊಳಗೆ ತೆಲುಗು ಬೆರೆಸುತ್ತಿದ್ದರು, ಇಲ್ಲಿಯ ಮಕ್ಕಳು 'ಬಂದುಬಿಟ್ಟೆ' ಎನ್ನುವುದನ್ನು 'ಬಂದ್ಬುಟ್ಟೆ' ಎಂದು ಬರೆಯುತ್ತಿದ್ದರು. ತೆಲುಗನ್ನು ಹೇಗೋ ಸಹಿಸಿಕೊಂಡೆ, 'ಬುಡು' ಮಾತ್ರ ನನಗೆ ಆಗುತ್ತಿರಲಿಲ್ಲ. ಯಾಕೆಂದರೆ ಅದು ನನ್ನದೇ ಮಾತು. ಕೊಡಿಗೇನಹಳ್ಳಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಹದಿನೆಂಟು ವರ್ಷ 'ಹೋಗ್ಬುಡು, ತಿಂದ್ಬುಡು' ಅಂದುಕೊಂಡೇ ಬೆಳೆದವಳು. ಟೀಚರ್ ಟ್ರೈನಿಂಗಿಗೆ ಹೋದಾಗ ಜೊತೆಯವರು ನಕ್ಕರು. ಆ ವರ್ಷವೇ ಬಾಯಿಂದ ಅದನ್ನು ಕಿತ್ತು ಹಾಕಿದೆ. ಕಿತ್ತು ಹಾಕಿದ್ದನ್ನು ಮಕ್ಕಳ ಬಾಯಲ್ಲಿ ಕೇಳಿದರೆ ಮೈ ಉರಿಯುತ್ತಿತ್ತು. 'ಬುಡು' ಎಂದು ಬರೆದವರು 'ಬಿಡು' ಎಂದು ನೂರು ಸಲ ಬರೆಯಬೇಕು, ಅದು ನನ್ನ ಕ್ಲಾಸಿನ ಕಾನೂನು. ಹಾಗೆ ನೂರು ಸಲ ಬರೆದವನೊಬ್ಬ ಈ ಕಥೆಗೆ ಆಮೇಲೆ ಬರುತ್ತಾನೆ.

ರಿಟೈರ್ ಆದ ಮೇಲೆ ಬೀದಿಯವರಿಗೆ ನಾನು ಅರ್ಜಿ ಬರೆಯುವ ಟೀಚರಮ್ಮ ಆದೆ. ನೀರು ಬರಲಿಲ್ಲ ಎಂದರೆ ಬನ್ನಿ, ಬೀದಿ ದೀಪ ಹೋಯಿತು ಎಂದರೆ ಬನ್ನಿ. ನನಗೂ ಅದು ಇಷ್ಟವೇ. ಸದರಿ, ಮೇಲ್ಕಂಡ, ಈ ಮೂಲಕ ಅನ್ನುವ ಪದಗಳನ್ನು ಪೋಣಿಸಿ ಕೂರಿಸುವುದರಲ್ಲಿ ಒಂದು ಸುಖವಿದೆ, ಅದನ್ನು ಯಾಕೆ ಮುಚ್ಚಿಡಲಿ.

ನಮ್ಮದು ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ರಸ್ತೆ. ನಾನು ಮದುವೆಯಾಗಿ ಬಂದಾಗಲೇ ಎರಡೂ ಬದಿಗೆ ಹೊಂಗೆ ಮರಗಳು ಕೊಂಬೆಗೆ ಕೊಂಬೆ ತಾಗಿಸಿಕೊಂಡು ನಿಂತಿದ್ದವು. ಎದುರು ಮನೆಯವರು ಕಾರು ತಂದ ವರ್ಷದಿಂದ ಅವುಗಳ ಗ್ರಹಚಾರ ಶುರುವಾಯಿತು. ಕಾಗೆಗಳು ಕಾರಿನ ಮೇಲೆ ಹಿಕ್ಕೆ ಹಾಕುತ್ತವೆ ಎಂದು ಅವರು ಗೊಣಗಿದರು. ಶಿವರಾತ್ರಿ ಕಳೆದರೆ ಎಲೆ ಗುಡಿಸಿ ಗುಡಿಸಿ ಸೊಂಟ ಬಿತ್ತು ಎಂದು ಪಕ್ಕದ ಮನೆಯಾಕೆ ಅಂದಳು. ಕಾಯಿ ಬಿದ್ದು ಸ್ಕೂಟರ್ ಜಾರಿತು ಅಂತ ಇನ್ನೊಬ್ಬರು, ಬೇರು ಚರಂಡಿ ಕಲ್ಲನ್ನು ಎತ್ತಿದೆ ಅಂತ ಮತ್ತೊಬ್ಬರು. ಕೊನೆಗೆ ಯಾರೋ ಫೋನಿನಲ್ಲಿ ಬೆಂಗಳೂರಿನ ಒಂದು ರಸ್ತೆಯ ಫೋಟೋ ತೋರಿಸಿದರು. ರಸ್ತೆಗೆ ರಸ್ತೆಯೇ ಗುಲಾಬಿ ಬಣ್ಣ. ಆ ಮರದ ಹೆಸರು ಟಬೂಬಿಯಾ. ನಮ್ಮ ಬೀದಿಯಲ್ಲಿ ಅದು ಒಬ್ಬರ ಬಾಯಲ್ಲಿ ಟಬ್ಬೂಬಿ ಆಯಿತು, ಇನ್ನೊಬ್ಬರ ಬಾಯಲ್ಲಿ ಡಬ್ಬಾಬೂಯ ಆಯಿತು. ನಾನು ಬಿಡದೆ ತಿದ್ದಿದೆ. ಒಂದು ವಾರದ ಮೇಲೆ ಎಲ್ಲರೂ ಸೋತು 'ಪಿಂಕ್ ಗಿಡ' ಎನ್ನತೊಡಗಿದರು.

'ಹಳೆಯ ಹೊಂಗೆ ಮರಗಳನ್ನು ತೆರವುಗೊಳಿಸಿ, ಸದರಿ ಸ್ಥಳದಲ್ಲಿ ಹೂ ಬಿಡುವ ಅಲಂಕಾರಿಕ ಸಸಿಗಳನ್ನು ನೆಡಬೇಕೆಂದು ಈ ಮೂಲಕ ವಿನಂತಿ' ಎಂದು ಬರೆದೆ. ಹೊಂಗೆಯೂ ಹೂ ಬಿಡುತ್ತದೆ. ಪ್ರತಿ ಬೇಸಿಗೆ ನಮ್ಮ ಗೇಟಿನ ಮುಂದೆ ಅದು ಅಕ್ಕಿ ಚೆಲ್ಲಿದ ಹಾಗೆ ಉದುರುತ್ತಿತ್ತು, ಅದನ್ನು ತುಳಿದುಕೊಂಡೇ ಮೂವತ್ತು ವರ್ಷ ಶಾಲೆಗೆ ಹೋದೆ. ಬರೆಯುವಾಗ ಅದು ನೆನಪಿಗೆ ಬರಲಿಲ್ಲ. ಕೆಳಗೆ ಹದಿನಾರು ಮನೆಯವರ ಸಹಿ ಬಿತ್ತು. ನಿಜ ಹೇಳಬೇಕೆಂದರೆ ನಮ್ಮ ಅರ್ಜಿಯಿಂದ ಏನಾದರೂ ಆಗುತ್ತದೆ ಎಂದು ನಮಗ್ಯಾರಿಗೂ ನಂಬಿಕೆ ಇರಲಿಲ್ಲ. ಅದುವರೆಗೆ ನಾನು ಬರೆದ ಅರ್ಜಿಗಳಲ್ಲಿ ಬೀದಿ ದೀಪದ ಒಂದು ಅರ್ಜಿ ಬಿಟ್ಟರೆ ಯಾವುದೂ ಫಲ ಕೊಟ್ಟಿರಲಿಲ್ಲ. ಇದು ಮಾತ್ರ ಕೊಟ್ಟಿತು. ಹೇಗೂ ಹೊಸ ಚರಂಡಿಯ ಕೆಲಸ ಬರುವುದಿತ್ತು, ಲೈನಿನವರಿಗೂ ಕೊಂಬೆಗಳ ಕಾಟ ಸಾಕಾಗಿತ್ತು. ಮಳೆಗಾಲದಲ್ಲಿ ಕೊಟ್ಟ ಅರ್ಜಿಗೆ ಮಾಘ ಮಾಸದಲ್ಲಿ ಅನುಮತಿ ಬಂತು.

ನಮ್ಮ ಗೇಟಿನ ಮುಂದಿನ ಮರದ ಕೆಳಗೆ ಮಜ್ಜಿಗೆಯಮ್ಮ ಕೂರುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಬೀದಿಗೆಲ್ಲ ಅವಳು ಮಜ್ಜಿಗೆಯಮ್ಮ. ಬಡವನಹಳ್ಳಿ ಕಡೆಯ ಒಂದು ಹಟ್ಟಿಯವಳು. ಮನೆಯಲ್ಲಿ ಕುರಿ, ಮೇಕೆ, ಎರಡು ಎಮ್ಮೆ. ಬೆಳಗಿನ ಮೊದಲ ಬಸ್ಸಿಗೆ ಸ್ಟೀಲ್ ಕ್ಯಾನಿನಲ್ಲಿ ಮಜ್ಜಿಗೆ ತಂದು, ಇಲ್ಲಿ ಮಡಕೆಗೆ ಸುರಿದು, ಕೊತ್ತಂಬರಿ, ಶುಂಠಿ, ಹಸಿಮೆಣಸಿನಕಾಯಿ ಜಜ್ಜಿ ಹಾಕುತ್ತಿದ್ದಳು. ಮರದ ಬುಡದಲ್ಲಿ ಒಂದು ಮೊರದಗಲ ಮರಳು ಹಾಸಿ, ಅದಕ್ಕೆ ನೀರು ಚಿಮುಕಿಸಿ, ಮಡಕೆಯನ್ನು ಅದರೊಳಗೆ ಅರ್ಧ ಹೂತು, ಮೇಲೆ ಒದ್ದೆ ಗೋಣಿ ಸುತ್ತುತ್ತಿದ್ದಳು. ಹೊಂಗೆಯ ನೆರಳು ದಟ್ಟ, ಒಂದು ಬಿಸಿಲ ಚುಕ್ಕೆಯೂ ಮಡಕೆಗೆ ಬೀಳುತ್ತಿರಲಿಲ್ಲ. ಅದಕ್ಕೇ ಅವಳ ಮಜ್ಜಿಗೆ ಬೇಸಿಗೆಯಲ್ಲೂ ಸಂಜೆ ನಾಲ್ಕರವರೆಗೆ ಹುಳಿಯಾಗುತ್ತಿರಲಿಲ್ಲ. ಬಸ್ಸಿನ ಡ್ರೈವರುಗಳು ಅಷ್ಟು ದೂರ ನಡೆದು ಬರುತ್ತಿದ್ದುದು ಅದಕ್ಕೇ.

ಸಂಜೆ ಮಡಕೆಗಳನ್ನು ತೊಳೆದು ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಬೋರಲು ಹಾಕಿ ಹೋಗುತ್ತಿದ್ದಳು. ನನಗೆ ದಿನಾ ಹನ್ನೊಂದು ಗಂಟೆಗೆ ಒಂದು ಲೋಟ ಮಜ್ಜಿಗೆ. ಮನೆಯೊಳಗೆ ತಂದು ಕೊಡುತ್ತೇನೆಂದರೂ ನಾನು ಒಪ್ಪುತ್ತಿರಲಿಲ್ಲ. ಹೊರಗೆ ಹೋಗಿ, ಅವಳ ಪಕ್ಕದ ಕಲ್ಲಿನ ಮೇಲೆ ಕೂತು, ಅವಳ ಮೇಕೆಗಳ ಪುಂಡಾಟಿಕೆ ಕೇಳಿಕೊಂಡು ಕುಡಿಯುತ್ತಿದ್ದೆ. ಅವಳ 'ಬುಡು'ಗಳನ್ನು ನಾನು ತಿದ್ದುತ್ತಿರಲಿಲ್ಲ. ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಎಲ್ಲ ಮರಗಳಿಗೂ ಕೆಂಪು ಬಣ್ಣದಲ್ಲಿ ನಂಬರ್ ಬಿದ್ದಿತ್ತು. ಅವಳ ಮರಕ್ಕೆ ಒಂಬತ್ತು.

"ಯಾಕ್ ಟೀಚರಮ್ಮ ಮರಕ್ಕೆಲ್ಲ ನಂಬ್ರ ಆಕವ್ರೆ? ಇವಕ್ಕೂ ರೇಷನ್ ಕಾರ್ಡ್ ಕೊಡ್ತಾರಾ?" ಎಂದಳು.

ನಾನು ನಗಲಿಲ್ಲ. ಮರಗಳನ್ನು ತೆಗೆದು ಬೇರೆ ಗಿಡ ನೆಡುತ್ತಾರಂತೆ ಎಂದೆ. ಆ 'ಅಂತೆ' ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಮರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಇದೂನೂ ಓಯ್ತದಾ?"

"ಇಲ್ಲ. ಇದೊಂದನ್ನ ಉಳಿಸ್ತೀನಿ. ನಾನು ಮಾತಾಡ್ತೀನಿ."

"ನೀವು ಮಾತಾಡಿದ್ರೆ ಆಯ್ತದೆ ಬುಡಿ," ಎಂದು ಅವಳು ಮಡಕೆಗೆ ಸೌಟು ಹಾಕಿದಳು. ಅಷ್ಟು ನಂಬಿಕೆ ಅವಳಿಗೆ ನನ್ನ ಮಾತಿನ ಮೇಲೆ.

ಮಾರನೆಯ ದಿನವೇ ಪುರಸಭೆಯ ಆಫೀಸಿಗೆ ಹೋದೆ. ಅಲ್ಲಿದ್ದವರು ಒಳ್ಳೆಯ ಮನುಷ್ಯರು. ಒಂದು ಮರ ತಾನೇ, ಚರಂಡಿಗೆ ಅಡ್ಡ ಬರದಿದ್ದರೆ ಇರಲಿ, ಮರ ಕಡಿಸುವ ಮೇಸ್ತ್ರಿಗೆ ಅಲ್ಲೇ ಹೇಳಿಕೊಳ್ಳಿ ಮೇಡಂ ಎಂದರು. ಬರೆದುಕೊಡಲೇ ಎಂದು ಕೇಳಿದೆ. ಇಷ್ಟಕ್ಕೆಲ್ಲ ಏನು ಬರೆಯುವುದು, ಬಾಯಿ ಮಾತು ಸಾಕು ಎಂದರು. ನಾನೂ ಹೌದೆಂದುಕೊಂಡು ಬಂದೆ. ಎಲ್ಲ ಮರ ತೆಗೆಯಿರಿ ಎನ್ನುವುದಕ್ಕೆ ಒಂದೂವರೆ ಪುಟ ಬರೆದವಳು, ಒಂದು ಮರ ಇರಲಿ ಎನ್ನುವುದಕ್ಕೆ ಒಂದು ಸಾಲೂ ಬರೆಯಲಿಲ್ಲ.

ಮೇಸ್ತ್ರಿ ಯಾರೆಂದು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೇ ನಲವತ್ತರ ಮೇಲಾಗಿದೆ, ತಲೆ ಮುಂದೆ ಬೋಳಾಗಿದೆ. ಒಂಬತ್ತನೇ ಕ್ಲಾಸಿನಲ್ಲಿ 'ನಾನು ಕಂಡ ಜಾತ್ರೆ' ಎಂಬ ಪ್ರಬಂಧದ ತುಂಬ 'ಹೋಗ್ಬುಟ್ಟು, ನೋಡ್ಬುಟ್ಟು' ಎಂದು ಬರೆದು, ನನ್ನಿಂದ ನೂರು ಸಲ 'ಬಿಡು' ಬರೆಸಿಕೊಂಡವನು. ರಸ್ತೆಯಲ್ಲೇ ಕಾಲಿಗೆ ಬೀಳಲು ಬಂದ. ಗೇಟಿನ ಮುಂದಿನ ಮರ ಉಳಿಸಬೇಕಲ್ಲಪ್ಪ ಎಂದೆ. "ನೀವ್ ಹೆಂಗ್ ಹೇಳಿದ್ರೆ ಅಂಗೆ ಮಿಸ್. ಸೋಮವಾರ ಈ ಕಡೆ ಬರ್ತೀವಿ. ಅಲ್ಲೀಗಂಟ ಏನಾರಾ ಬದ್ಲಾದ್ರೆ ಫೋನ್ ಮಾಡ್ತೀನಿ," ಎಂದು ನಂಬರ್ ಬರೆದುಕೊಂಡ.

ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಶನಿವಾರ ನಾನು ತವರಿಗೆ ಹೋದೆ. ಅದು ಹುಣಸೆಹಣ್ಣಿನ ಕಾಲ. ಅಂಗಳದ ತುಂಬ ಹುಣಸೆ ಹರವಿಕೊಂಡು ಅಣ್ಣ, ಅತ್ತಿಗೆ, ನಾನು ಬಡಿಯುತ್ತ, ಬೀಜ ಬಿಡಿಸುತ್ತ ಕೂತಿದ್ದೆವು. ಕೊಡಿಗೇನಹಳ್ಳಿಯಲ್ಲಿ ಬಸ್ಸಿಳಿದು ಆ ಮಣ್ಣಿನ ದಾರಿ ಹಿಡಿದರೆ ನನ್ನ ನಾಲಿಗೆ ತಾನಾಗಿ ಹೊರಳುತ್ತದೆ. ಮಧುಗಿರಿಯಲ್ಲಿ ನಾನು ಮೇಡಂ. ಅಲ್ಲಿ ನಾನು ಅಣ್ಣನ ಜೊತೆ ಜಗಳವಾಡುವ ತಂಗಿ. ಅವತ್ತೂ ಬೆಳಗಿನಿಂದ ಅದೇ ನಡೆದಿತ್ತು. ಅವನು ನಾರು ಸರಿಯಾಗಿ ತೆಗೆಯುತ್ತಿಲ್ಲ ಎಂದು ನಾನು, ಪೇಟೆಯವಳಿಗೆ ಹುಣಸೆಯ ಗಂಧವೇ ಗೊತ್ತಿಲ್ಲ ಎಂದು ಅವನು.

ಆಗ ಮೇಸ್ತ್ರಿಯ ಫೋನ್ ಬಂತು. ಎತ್ತಿದರೆ ಮರ ಕೊಯ್ಯುವ ಯಂತ್ರದ ಸದ್ದು. ಕಟ್ಟಾಯಿತು. ಮತ್ತೆ ಬಂತು, ಮತ್ತೆ ಕಟ್ಟಾಯಿತು. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಬಾವಿಯ ಕಟ್ಟೆಯ ಮೇಲೆ ಮಾತ್ರ. ಹುಣಸೆಯ ಜಿಗುಟು ಕೈಯಲ್ಲೇ ಫೋನ್ ಹಿಡಿದು ಓಡಿ ಹತ್ತಿದೆ.

"ಮಿಸ್, ಲೈನ್‌ನೋರು ಇವತ್ತೇ ಕರೆಂಟ್ ತೆಗ್ದವ್ರೆ, ಅದ್ಕೆ ಇವತ್ತೇ ಬಂದ್ವಿ. ನಿಮ್ ಗೇಟಿನ ಮರ ಚರಂಡಿಗೆ ಒಂಚೂರು ಅಡ್ಡ ಬರ್ತದೆ ಅಂತಾವ್ರೆ. ಬೇಕಂದ್ರೆ ಚರಂಡಿ ಸುತ್ತಿಸ್ಕಂಡು ಓಗ್ಬೋದು. ಏನ್ ಮಾಡ್ಲಿ ಹೇಳಿ, ಬೇಗ."

ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಸೋಮವಾರ ಎಂದು ಹೇಳಿ ಶನಿವಾರ ಬಂದಿದ್ದಾನೆ, ಗಟ್ಟಿಯಾಗಿ ಹೇಳಿದ್ದನ್ನು ಮತ್ತೆ ಕೇಳುತ್ತಿದ್ದಾನೆ ಎಂದು ನನಗೆ ರೇಗಿಹೋಯಿತು. ಬಾವಿಕಟ್ಟೆಯ ಮೇಲೆ ನಿಂತು, ಊರಿಗೆಲ್ಲ ಕೇಳುವ ಹಾಗೆ, ಊರಿನ ಬಾಯಲ್ಲೇ ಕೂಗಿದೆ.

"ಲೇ, ಅದನ್ನ ಕಡೀದೆ ಬುಡ್ಲಾ. ಕಡೀದೆ ಬುಡು."

"ಆಯ್ತು ಮಿಸ್," ಎಂದ. ಫೋನ್ ಕಟ್ಟಾಯಿತು.

ಕೆಳಗೆ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಕನ್ನಡ ಮೇಡಮ್ಮು ಬುಡ್ಲಾ ಅಂತಾವ್ಳೆ, ಕೇಳುಸ್ಕಂಡ್ಯಾ?" ಎಂದು ಅತ್ತಿಗೆಗೆ ಹೇಳಿದ. ನಾನೂ ನಕ್ಕೆ. ಒಂದು ಮರ ಉಳಿಸಿದ ಹೆಮ್ಮೆ ಬೇರೆ ಇತ್ತಲ್ಲ, ಆಮೇಲೆ ಇಡೀ ದಿನ ಜಗಳವಿಲ್ಲದೆ ಹುಣಸೆ ಬಿಡಿಸಿದೆ. ಅವನಿಗೂ ಅತ್ತಿಗೆಗೂ ಮಜ್ಜಿಗೆಯಮ್ಮನ ಕಥೆ ಹೇಳಿದೆ. ಮಡಕೆ ಹೂಳುವ ರೀತಿಯನ್ನು ಕೈಯಲ್ಲಿ ಮಾಡಿ ತೋರಿಸಿದೆ.

ಸಂಜೆಯ ಬಸ್ಸಿಗೆ ವಾಪಸು ಬಂದೆ. ನಮ್ಮ ರಸ್ತೆಯ ತಿರುವಿನಲ್ಲಿ ನಿಂತರೆ ನಮ್ಮ ಮನೆ ಕಾಣಿಸಿತು. ಅಷ್ಟು ವರ್ಷದಲ್ಲಿ ಆ ತಿರುವಿನಿಂದ ನಮ್ಮ ಮನೆ ಕಂಡದ್ದು ಅದೇ ಮೊದಲು. ಮಹಡಿಯ ನೀರಿನ ಟ್ಯಾಂಕು, ಒಣಹಾಕಿದ ಪಂಚೆ, ಅದರ ಹಿಂದೆ ಬೆಟ್ಟ, ಎಲ್ಲ ಕಾಣುತ್ತಿತ್ತು. ಉಳಿದ ಮರಗಳು ಹೋಗಿರುತ್ತವೆ ಎಂದು ಗೊತ್ತೇ ಇತ್ತು, ಆದ್ದರಿಂದ ಒಂಬತ್ತನೆಯದನ್ನು ಹುಡುಕುತ್ತಲೇ ನಡೆದೆ. ಗೇಟಿನ ಹತ್ತಿರ ಬಂದಾಗ ಸಿಕ್ಕಿದ್ದು ಬುಡದ ಮೋಟು, ಸುತ್ತ ಹಸಿ ಹೊಟ್ಟು, ಪಕ್ಕದಲ್ಲಿ ಒಣಗಿದ ಮರಳು. ಕಾಂಪೌಂಡಿನ ಮೂಲೆಯಲ್ಲಿ ಮಡಕೆಗಳಿರಲಿಲ್ಲ.

ನಮ್ಮ ಮನೆಯವರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. "ನೀನೇ ಹೇಳಿದೆಯಲ್ಲ," ಎಂದರು.

"ಏನು ಹೇಳಿದೆ?"

"ಕಡಿದುಬಿಡು ಅಂತ. ಯಂತ್ರದ ಸದ್ದಿಗೆ ಕೇಳಿಸಲ್ಲ ಅಂತ ಅವನು ಸ್ಪೀಕರ್ ಹಾಕಿದ್ದ. ನಾನೂ ಅಲ್ಲೇ ನಿಂತಿದ್ದೆ, ಮಜ್ಜಿಗೆಯಮ್ಮನೂ ನಿಂತಿದ್ದಳು. ಎಲ್ಲರಿಗೂ ಕೇಳಿಸಿತು."

"ಅಯ್ಯೋ, ಕಡೀದೆ ಬುಡು ಅಂದೆ ರೀ ನಾನು."

ಅವರು ಪೇಪರ್ ಕೆಳಗಿಟ್ಟರು. "ನನಗೆ ಹಾಗೆ ಕೇಳಿಸಲಿಲ್ಲ. ಮನಸ್ಸು ಬದಲಾಯಿಸಿದೆಯೇನೋ ಅಂದುಕೊಂಡೆ. ಅರ್ಜಿ ನಿನ್ನದೇ ಅಲ್ಲವೇ."

"ಅವಳು ಏನಂದಳು?"

"ಮಡಕೆ ಎರಡನ್ನೂ ಎತ್ತಿಕೊಂಡು ಹೋದಳು."

ಮೇಸ್ತ್ರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ ಹೇಳಿದ: "ಮಿಸ್, ನೀವು ಕ್ಲಾಸಲ್ಲಿ ಯಾವತ್ತೂ ಬುಡು ಅಂತಿರ್ಲಿಲ್ಲ. ಸಿಟ್ಟು ತಲೆಗೇರಿದಾಗ ಮಾತ್ರ ಅನ್ನೋರು. 'ತೊಲಗ್ಬುಡು ಆಚೆಗೆ' ಅಂತ ನಂಗೇ ಎಷ್ಟ್ ಸಲ ಅಂದಿದ್ದೀರಿ. ಫೋನಲ್ಲೂ ಅಂಗೇ ಕೂಗಿದ್ರಿ. ಮಿಸ್‌ಗೆ ರೇಗೋಗಿದೆ, ಕಡಿದು ಬಿಸಾಕು ಅಂತಾವ್ರೆ ಅನ್ಕಂಡೆ. ನೀವು ಕಡಿಯದೆ ಬಿಡು ಅಂದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ನೂರ್ ಸಲ ಬರ್ದಿರೋನು ನಾನು."

ವ್ಯಾಕರಣ ನನಗೆ ಗೊತ್ತು. 'ಬಿಡು' ಎಂಬ ಒಂದೇ ಕ್ರಿಯಾಪದ ಒಂದು ಕಡೆ ಸುಮ್ಮನೆ ಇರಗೊಡುತ್ತದೆ, ಇನ್ನೊಂದು ಕಡೆ ಕೆಲಸ ಪೂರ್ತಿ ಮುಗಿಸುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಕಡಿಯದೆ ಬಿಡು, ಕಡಿದುಬಿಡು. ಬರೆದರೆ ಇವೆರಡನ್ನೂ ಯಾರೂ ಅದಲು ಬದಲು ಮಾಡಿಕೊಳ್ಳುವುದಿಲ್ಲ. ನಮ್ಮೂರಿನ ಬಾಯಿಗೆ ಬಿದ್ದರೆ ಕಡೀದೆ ಬುಡು, ಕಡಿದ್ಬುಡು. ನಡುವೆ ಇರುವುದು ಒಂದು ದೀರ್ಘ, ಒಂದು ಎಕಾರ. ಬಾವಿಕಟ್ಟೆಯಿಂದ ಮಧುಗಿರಿಗೆ ಹೋಗುವಷ್ಟರಲ್ಲಿ ಅವೆರಡೂ ಯಂತ್ರದ ಸದ್ದಿನಲ್ಲಿ ಎಲ್ಲೋ ಬಿದ್ದುಹೋಗಿದ್ದವು. ಅವತ್ತು ಅಡಿಗೆಮನೆಯಲ್ಲಿ ನಿಂತು ಎರಡನ್ನೂ ಮತ್ತೆ ಮತ್ತೆ ಹೇಳಿ ನೋಡಿದೆ. ಹತ್ತು ಸಲ ಹೇಳಿದ ಮೇಲೆ ಯಾವುದು ಯಾವುದೆಂದು ನನಗೇ ತಿಳಿಯದಾಯಿತು.

ಮಜ್ಜಿಗೆಯಮ್ಮ ಭಾನುವಾರ ಬರಲಿಲ್ಲ, ಸೋಮವಾರವೂ ಬರಲಿಲ್ಲ. ಮರ ಹೋದದ್ದಕ್ಕಿಂತ, ನಾನೇ ಕಡಿಸಿದೆ ಎಂದು ಅವಳು ತಿಳಿದುಕೊಂಡಿದ್ದಾಳಲ್ಲ ಎನ್ನುವುದೇ ನನ್ನನ್ನು ಕೊರೆಯತೊಡಗಿತು. ಹನ್ನೊಂದು ಗಂಟೆಯಾದರೆ ಸುಮ್ಮನೆ ಗೇಟಿನವರೆಗೆ ಹೋಗಿ ಬರುತ್ತಿದ್ದೆ. ನಾಲ್ಕನೆಯ ದಿನ ಒಬ್ಬ ಡ್ರೈವರ್ ಹೇಳಿದ, ಅವಳು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗೋಡೆಯ ಪಕ್ಕ ಕೂರುತ್ತಿದ್ದಾಳೆಂದು. ಸೆರಗು ತಲೆಗೆ ಹೊದ್ದು ನಡೆದೆ.

ಗೋಡೆಗೆ ಒಂದು ಹಳೆಯ ಕಪ್ಪು ಕೊಡೆಯನ್ನು ಕಟ್ಟಿ, ಅದರ ಕೆಳಗೆ ಮಡಕೆ ಇಟ್ಟುಕೊಂಡು ಅವಳು ಬಿಸಿಲಲ್ಲಿ ಕೂತಿದ್ದಳು. ಗೋಡೆಯಿಂದ ಕಾವು ಹೊಡೆಯುತ್ತಿತ್ತು. ಕಂಡವಳೇ ಅಭ್ಯಾಸದಂತೆ ಒಂದು ಲೋಟ ತುಂಬಿ ಮುಂದಿಟ್ಟಳು. ಹನ್ನೊಂದು ಗಂಟೆಗೇ ಮಜ್ಜಿಗೆ ಹುಳಿ ತಿರುಗಿತ್ತು. ಕುಡಿದೆ.

"ನಾನು ಕಡಿ ಅಂತ ಹೇಳಲಿಲ್ಲ ಕಣಮ್ಮ," ಎಂದೆ. "ಕಡಿಯದೆ ಬಿಡು ಅಂತ ಹೇಳಿದ್ದು."

"ಅಂಗೆ ಹೇಳ್ಲಿಲ್ಲ ನೀವು. ನಾನೇ ಕೇಳ್ದೆ."

"ಮತ್ತೆ ಹೆಂಗೆ ಹೇಳಿದೆ?"

"ಕಡಿದ್ಬುಡ್ಲಾ ಅಂದ್ರಿ."

"ಕಡೀದೆ ಬುಡ್ಲಾ ಅಂದೆ," ಎಂದೆ. ಮಧುಗಿರಿಯ ಬೀದಿಯಲ್ಲಿ ಕೂತು, ಸಿಟ್ಟಿಲ್ಲದೆ, ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಮಜ್ಜಿಗೆ ಕುಡಿಯುತ್ತಿದ್ದ ಒಬ್ಬಾತ ತಿರುಗಿ ನೋಡಿದ. ಅವಳು ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಅವಳೂ ಎರಡನ್ನೂ ತನ್ನ ಬಾಯಲ್ಲಿ ಹೇಳಿ ನೋಡಿದಳು. ಕಡೀದೆ ಬುಡು. ಕಡಿದ್ಬುಡು. ಮುಖ ಸ್ವಲ್ಪ ಸಡಿಲವಾಯಿತು.

"ನೀವ್ಯಾಕೆ ನಮ್ಮಂಗೆ ಮಾತಾಡಾಕೋದ್ರಿ?"

"ನಮ್ಮೂರಲ್ಲಿದ್ದೆ. ನಮ್ಮಣ್ಣನ ಮುಂದೆ."

"ಓ," ಎಂದಳು. ಅವಳಿಗೆ ಅದು ಅರ್ಥವಾಯಿತು. ನನ್ನ ತಪ್ಪನ್ನು ಅಷ್ಟು ಬೇಗ ಅರ್ಥಮಾಡಿಕೊಂಡವರು ಬೇರೆ ಯಾರೂ ಇರಲಿಲ್ಲ.

ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ತಪ್ಪು ಫೋನಿನದು, ಯಂತ್ರದ್ದು ಎಂದಾಗಿ, ನಾವಿಬ್ಬರೂ ಮೊದಲಿನ ಹಾಗೆ ಇರುತ್ತಿದ್ದೆವು. ಆದರೆ ಆ ಹುಳಿ ಮಜ್ಜಿಗೆ ಹೊಟ್ಟೆಯಲ್ಲಿದ್ದಾಗ ಎದ್ದು ಬರಲು ಆಗಲಿಲ್ಲ.

"ಅರ್ಜಿ ಬರೆದದ್ದೂ ನಾನೇ," ಎಂದೆ.

"ಯಾವ ಅರ್ಜಿ?"

"ಮರ ಎಲ್ಲ ತೆಗೆದು ಬೇರೆ ಗಿಡ ಹಾಕಿ ಅಂತ. ಆಫೀಸಿಗೆ ಕೊಟ್ಟದ್ದು. ಬೀದಿಯವರು ಹೇಳಿದರು, ನಾನು ಬರೆದೆ."

ಒಬ್ಬರು ಬಂದರು, ಅವರಿಗೆ ಮಜ್ಜಿಗೆ ಕೊಟ್ಟಳು. ಅವರು ಹೋದ ಮೇಲೆ ಲೋಟ ತೊಳೆದಳು. "ನನ್ ಮರಾನೂ ಸೇರ್ಸಿ?"

"ಹೂಂ. ಬರೆಯುವಾಗ ನೀನು ನೆನಪಾಗಲಿಲ್ಲ."

"ದಿನಾ ಅದ್ರ ನೆಳ್ಳಾಗೇ ಕುಂತ್ಕಂಡು ಕುಡೀತಿದ್ರಿ," ಎಂದಳು. ಬೈದಂತೆ ಇರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ನಮ್ಮ ಪೋರ್ಟಿಕೋದಲ್ಲಿ ಕೂತುಕೋ, ಮಡಕೆ ಅಲ್ಲೇ ಇಡು ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಗೇಟ್ ತಗ್ದು ಒಳಿಕ್ ಬಂದು ಮಜ್ಜಿಗೆ ಯಾರ್ ಕುಡೀತಾರೆ? ಬುಡಿ ಟೀಚರಮ್ಮ."

ದಾರಿಯುದ್ದಕ್ಕೂ ಆ 'ಬುಡಿ'ಯನ್ನೇ ಹಿಡಿದುಕೊಂಡು ಬಂದೆ. ಹೋಗಲಿ ಬಿಡಿ ಎಂದಳೋ, ನನ್ನನ್ನು ನನ್ನ ಪಾಡಿಗೆ ಬಿಡಿ ಎಂದಳೋ. ಅಷ್ಟು ವರ್ಷ ಪಾಠ ಮಾಡಿದವಳಿಗೆ ಒಂದು ಕ್ರಿಯಾಪದದ ಅರ್ಥ ಗೊತ್ತಾಗಲಿಲ್ಲ.

ಆ ಬೇಸಿಗೆ ನಮ್ಮ ರಸ್ತೆ ಸುಟ್ಟುಹೋಯಿತು. ಎದುರು ಮನೆಯವರ ಕಾರಿನ ಮೇಲೆ ಹಿಕ್ಕೆ ಬೀಳಲಿಲ್ಲ, ಆದರೆ ಬಾಗಿಲು ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಅವರು ಕಾರಿಗೊಂದು ಹೊದಿಕೆ ತಂದರು. ಎಲೆ ಗುಡಿಸಿ ಸೊಂಟ ಬಿತ್ತು ಎಂದಿದ್ದಾಕೆ ಮಧ್ಯಾಹ್ನ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಯಾರೂ ಅರ್ಜಿಯ ಮಾತೆತ್ತಲಿಲ್ಲ. ಚರಂಡಿ ಮುಗಿದು, ನಾಲ್ಕು ಮಳೆ ಬಿದ್ದ ಮೇಲೆ, ಶಿರಾ ಕಡೆಯಿಂದ ಟೆಂಪೋದಲ್ಲಿ ಪಿಂಕ್ ಗಿಡಗಳು ಬಂದವು. ಒಂದೊಂದೂ ನನ್ನ ಭುಜದೆತ್ತರ. ಕಬ್ಬಿಣದ ಜಾಲರಿಯೊಳಗೆ, ಬೆರಳೆಣಿಕೆಯ ಎಲೆ ಹೊತ್ತು ನಿಂತವು. ನಮ್ಮ ಗೇಟಿನ ಮುಂದಿನ ಗಿಡವನ್ನು ಮೇಸ್ತ್ರಿ ತಾನೇ ನೆಟ್ಟ. ನನ್ನ ಕಡೆ ನೋಡಲಿಲ್ಲ, ಕೇಳದೆಯೇ ಎರಡು ಬುಟ್ಟಿ ಗೊಬ್ಬರ ಜಾಸ್ತಿ ಹಾಕಿ ಹೋದ.

ನಾನು ಆ ಗಿಡಕ್ಕೆ ದಿನಾ ಒಂದು ಬಿಂದಿಗೆ ನೀರು ಹಾಕತೊಡಗಿದೆ. ಪ್ರೀತಿಯಿಂದಲ್ಲ. ಅದು ಬೇಗ ಬೆಳೆಯಲಿ ಎಂಬ ಹಟದಿಂದ.

ಮುಂದಿನ ವರ್ಷ ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಗೇಟಿನ ಆಚೆ ಮರಳು ಸುರಿಯುವ ಸದ್ದಾಯಿತು. ಮಜ್ಜಿಗೆಯಮ್ಮ ಬಂದಿದ್ದಳು. "ಅಲ್ಲಿ ಗೋಡೆ ಕಾವಿಗೆ ಮಧ್ಯಾನಕ್ಕೇ ಹುಳಿಯಾಯ್ತದೆ," ಎಂದಳು, ಅಷ್ಟೇ. ಕೊಡೆಯನ್ನು ಯಾಕೆ ತರಲಿಲ್ಲ ಎಂದರೆ ಬಟ್ಟೆಯ ನೆರಳು ನೆರಳಲ್ಲ ಎಂದಳು. ಗಿಡ ಅಷ್ಟರಲ್ಲಿ ನನಗಿಂತ ಎರಡು ಮೊಳ ಮೇಲೆ ಹೋಗಿತ್ತು. ಆದರೂ ಅದರ ನೆರಳು ಒಂದು ಮಡಕೆಗೆ ಸಾಕು, ಒಬ್ಬ ಹೆಂಗಸಿಗೆ ಸಾಲದು. ಅವಳು ಮಡಕೆಯನ್ನು ನೆರಳಲ್ಲಿಟ್ಟು ತಾನು ಬಿಸಿಲಲ್ಲಿ ಕೂತಳು. ನೆರಳು ಸರಿದ ಹಾಗೆ ಮಡಕೆಯನ್ನೂ ಮರಳನ್ನೂ ಸರಿಸುತ್ತಿದ್ದಳು. ಬೆಳಿಗ್ಗೆ ನಮ್ಮ ಗೇಟಿನ ಕಡೆ ಇದ್ದ ಮಡಕೆ ಸಂಜೆಗೆ ರಸ್ತೆಯ ಕಡೆ ಇರುತ್ತಿತ್ತು. ಹನ್ನೊಂದು ಗಂಟೆಗೆ ನಾನು ಹೋಗಿ ಬಿಸಿಲಲ್ಲೇ ಅವಳ ಪಕ್ಕ ಕೂರುತ್ತಿದ್ದೆ. ಮೊದಮೊದಲು ಮಾತು ಕಡಿಮೆ ಇತ್ತು. ಮೇಕೆಗಳ ಸುದ್ದಿ ಬರಲು ಒಂದು ತಿಂಗಳು ಹಿಡಿಯಿತು.

ಒಂದು ದಿನ ಒಳಗೆ ಸೊಪ್ಪು ಬಿಡಿಸುತ್ತಿದ್ದೆ. ಆಚೆಯಿಂದ ಅವಳ ದನಿ ಕೇಳಿತು.

"ಟೀಚರಮ್ಮ, ಈ ಕೆಳಗಿನ ರೆಂಬೆ ಬಂದೋರ ಕಣ್ಣಿಗೆ ಚುಚ್ಚತೈತೆ. ಕಡೀಲಾ, ಬುಡ್ಲಾ?"

ಎದ್ದು ಬಾಗಿಲಿಗೆ ಬಂದೆ. ಅವಳ ಕೈಯಲ್ಲಿ ಕುಡುಗೋಲಿತ್ತು. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿ ತೆರೆದವಳು ಹಾಗೇ ನಿಂತೆ.

ಅವಳು ನನ್ನ ಮುಖ ನೋಡಿದಳು. ಮೆಲ್ಲಗೆ ನಗು ಬಂತು ಅವಳಿಗೆ. "ಹೇಳ್ಬ್ಯಾಡಿ, ಬುಡಿ. ನೀವು ಬರ್ದ್ರೂ ಮರ ಓಯ್ತದೆ, ಹೇಳಿದ್ರೂ ಓಯ್ತದೆ."

ನಗುತ್ತಲೇ ಹೇಳಿದಳು, ಆದರೆ ಹೇಳಿದಳು. ನಾನು ಚಪ್ಪಲಿ ಮೆಟ್ಟದೆ ಗೇಟು ದಾಟಿ ಹೋದೆ. ಅವಳ ಕೈಯಿಂದ ಕುಡುಗೋಲು ತೆಗೆದು ಕೆಳಗಿಟ್ಟೆ. ರೆಂಬೆಯನ್ನು ಮುರಿಯದ ಹಾಗೆ ಹಿಂದಕ್ಕೆ ಬಾಗಿಸಿ ಹಿಡಿದುಕೊಂಡೆ, ಅವಳು ಗೋಣಿಯಿಂದ ಒಂದು ಹುರಿ ಎಳೆದು ಕೊಟ್ಟಳು. ಜಾಲರಿಗೆ ಎರಡು ಗಂಟು ಹಾಕಿ ಬಿಗಿದೆ. ನೆರಳು ಒಂದು ಗೇಣು ಈ ಕಡೆ ಬಂತು. ಅವಳು ಮಡಕೆಯನ್ನು ಅಲ್ಲಿಗೆ ಸರಿಸಿದಳು.